ಬೆನ್ನಿನ ಗುಂಡಿ

ಕಲಬುರಗಿ,
ಫೆಬ್ರವರಿ ೩೧, ೨೧೯೦

ಗಂಗಾಂಬಿಕಾ ಆಯಿಗೆ,

ನಿನ್ನ ಮೊಮ್ಮಗಳ ಮರಿಮೊಮ್ಮಗಳು ಕಾಶಿಬಾಯಿ ಬರೆಯುವುದು. ತಾರೀಖು ನೋಡಿ ನಗಬೇಡ. ಮೇ ತಿಂಗಳು ಯಾರಿಗೂ ಸಹಿಸಲಾಗದೆ ಅದರ ಮೂರು ದಿನ ಕಿತ್ತು ಫೆಬ್ರವರಿಗೆ ಜೋಡಿಸಿದರು. ಬಿಸಿಲಿಗೆ ಮಾತ್ರ ಆ ಸುದ್ದಿ ಮುಟ್ಟಲಿಲ್ಲ. ನಾನು ಶಾಲೆ ಕಂಡವಳಲ್ಲ, ನಾನಾಗಿಯೇ ಅಕ್ಷರ ಕಲಿತವಳು. ಅದರ ಮೇಲೆ ನಿನ್ನ ಕಾಲದಲ್ಲಿಲ್ಲದ ಮಾತುಗಳು ನಡುನಡುವೆ ಬರುತ್ತವೆ. ಎಡವಿದಲ್ಲಿ ಕ್ಷಮಿಸು. ನಾನು ಮಾತ್ರ ನಿನ್ನನ್ನು ಕ್ಷಮಿಸಲು ಕುಳಿತಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ಎಪ್ಪತ್ತಾಯಿತು, ಈ ಕಾಗದ ಮುಟ್ಟುವ ದಿನ ನಿನಗೆ ಮೂವತ್ತೂ ತುಂಬಿರುವುದಿಲ್ಲ. ಆಯಿ ಯಾರು, ಮೊಮ್ಮಗಳು ಯಾರು ಎಂದು ನನಗೇ ತಬ್ಬಿಬ್ಬು.

ಹಿಂದಿನ ಕಾಲಕ್ಕೆ ಕಾಗದ ಹಾಕಲು ಈಗ ಮನೆಗೊಂದು ಅವಕಾಶವಿದೆ. ನಿನ್ನ ಶೇಂಗಾ ಹೋಳಿಗೆಯ ಹದ ಬರೆದಿಡು ಎಂದು ಕೇಳೋಣ ಅಂದರು ಮನೆಯವರು. ನಾನು ಕಾಗದ ಬಿಟ್ಟುಕೊಡಲಿಲ್ಲ.

ನಿನ್ನ ಕೆಲಸದ ಗುಂಪು ಬಿಸಿಲು ತಡೆಯಲೆಂದು ಈಗ ಯೋಚಿಸುತ್ತಿರುವ ಅಂಗಿಗೆ ನಾವು ತಂಪಂಗಿ ಎನ್ನುತ್ತೇವೆ. ಹಗಲಲ್ಲಿ ಅದಿಲ್ಲದೆ ಹೊಸ್ತಿಲು ದಾಟುವಂತಿಲ್ಲ. ಎದೆಯ ಮೇಲೆ ತಂಪುಬಿಲ್ಲೆಗಳು, ಬೆನ್ನಲ್ಲಿ ಗುಂಡಿಗಳ ಸಾಲು, ತೊಟ್ಟವರ ಕೈ ಮುಟ್ಟದ ಜಾಗದಲ್ಲಿ. ಹೀಗಾಗಿ ಇಲ್ಲಿ ಎಲ್ಲರಿಗೂ ಒಬ್ಬ ಬೆನ್ನುಜೋಡಿ ಬೇಕು, ಎಂದರೆ ಗುಂಡಿ ಹಾಕುವ, ಬಿಚ್ಚುವ ಇನ್ನೊಂದು ಜೀವ. ಸಂಬಂಧ ಕೂಡಿಸುವಾಗ ಮೊದಲು ಕೇಳುವುದೇ "ನಿಮ್ಮ ಹುಡುಗನ ಬೆನ್ನಿಗಿ ಯಾರದಾರ?" ಎಂದು. ಅಂಗಡಿಯ ನೆರಳು ಹೊಕ್ಕವರು ಗುರುತಿಲ್ಲದವರ ಮುಂದೆಯೂ ತಿರುಗಿ ನಿಲ್ಲುತ್ತಾರೆ; ಬಿಚ್ಚದೆ ಹೋದವನನ್ನು ಊರೆಲ್ಲ ಆಡಿಕೊಳ್ಳುತ್ತದೆ. ಒಂಟಿ ಮುದುಕಿಯರು ಸಂತೆ ಮುಗಿಸಿ ಬಂದು, ಬೀದಿಯಲ್ಲಿ ಯಾರಾದರೂ ಸುಳಿಯಲಿ ಎಂದು ಬೆವರುತ್ತ ಹೊಸ್ತಿಲಲ್ಲಿ ಕುಳಿತಿರುತ್ತಾರೆ. ಹೊರಗಿನವರು ಬಂದು ನೋಡಿ, ಎಂಥ ಒಗ್ಗಟ್ಟಿನ ಜನ ಎಂದು ಹೊಗಳಿ ಹೋಗುತ್ತಾರೆ.

ಬಿಲ್ಲೆ ಕೆಟ್ಟರೆ "ತಿರುಗಿತು" ಎನ್ನುತ್ತೇವೆ. ತಂಪು ಕೊಡುವುದನ್ನು ಬಿಟ್ಟು ಹೊರಗಿನ ಕಾವನ್ನೆಲ್ಲ ಅದು ಒಳಗೆ ಸುರಿಯುತ್ತದೆ. ಆಗ ಅಂಗಿಯನ್ನು ಆ ಕ್ಷಣವೇ ಕಳಚಬೇಕು. ಹೋದ ವರ್ಷ ನನ್ನ ತಂಗಿ ಇಂದುಬಾಯಿ ಮಾಳಿಗೆಯ ಮೇಲೆ ಕರೆಂಟು ಕೊಡುವ ಬಿಸಿಲುಹಲಗೆಯ ಧೂಳು ಒರೆಸುತ್ತಿದ್ದಾಗ ಅವಳ ಬಿಲ್ಲೆ ತಿರುಗಿತು. ನಾವೆಲ್ಲ ಬೀಗರ ಊರಿನಲ್ಲಿದ್ದೆವು. ಗುಂಡಿ ಹಾಕಿಕೊಟ್ಟಿದ್ದ ಪಕ್ಕದ ಮನೆಯಾಕೆ ಸಂತೆಗೆ ಹೋಗಿದ್ದಳು. ಕತ್ತರಿಗೂ ಬಗ್ಗದ ಬಟ್ಟೆ ಅದು. ಇಂದುಬಾಯಿ ಬೀದಿಗೆ ಓಡಿದಳು. ಸುಡುವ ಮಧ್ಯಾಹ್ನ ನಮ್ಮಲ್ಲಿ ಬಾಗಿಲುಗಳಿಗೆ ಒಳಗಿನಿಂದ ದಪ್ಪ ಕದ ಎಳೆದಿರುತ್ತಾರೆ, ಕೂಗಿದರೂ ಕೇಳುವುದಿಲ್ಲ. ಅವಳು ನಮಗೆ ಸಿಕ್ಕಾಗ ಮುಚ್ಚಿದ ಬಾಗಿಲೊಂದಕ್ಕೆ ಬೆನ್ನು ಕೊಟ್ಟು ಕುಳಿತಿದ್ದಳು.

ಈಗ ನಿನ್ನ ನಾಳೆಯ ಸಭೆಯ ಮಾತು. ನಿಮ್ಮ ಕೋಣೆಯ ಯಂತ್ರ ಅದನ್ನೆಲ್ಲ ಮುದ್ರಿಸಿಕೊಳ್ಳುತ್ತದೆ, ಆ ಧ್ವನಿ ನಮ್ಮ ಮನೆಯಲ್ಲಿದೆ. ಅಂಗಿಯ ಮೊದಲ ಚಿತ್ರ ಬರೆದ ದಿನವೆಂದು ಪ್ರತಿ ವರ್ಷ ಸಿಹಿ ಮಾಡಿ, ಎಲ್ಲರೂ ಕೂತು ಕೇಳುತ್ತಿದ್ದೆವು. ಐದೂ ಜನ ತಮ್ಮ ತಮ್ಮ ತಲೆಯಿಂದ ಒಂದೊಂದು ಚಿತ್ರ ತರಬೇಕು ಎಂದು ನೀನೇ ಹೇಳಿರುತ್ತೀ. ನೀನೂ ಸೇರಿ ನಾಲ್ವರು, ಒಬ್ಬರಿಗೊಬ್ಬರು ಹೇಳದೆ, ಎಐ ಎನ್ನುವ ಆ ಮಾತಿನ ಯಂತ್ರವನ್ನೇ ಕೇಳಿಕೊಂಡು ಬಂದಿರುತ್ತೀರಿ. ನಾಲ್ಕೂ ಹಾಳೆಯಲ್ಲಿ ಒಂದೇ ಮಾತು: ಎದೆಯ ಭಾಗ ಅಖಂಡವಾಗಿರಲಿ, ಗುಂಡಿ ಹಿಂದಿರಲಿ.

"ಏ, ನಾಕೂ ಮಂದಿದು ಒಂದೇ ಬಂತಲ್ಲೋ! ಇನ್ನೇನ್ ಚರ್ಚಾ ಮಾಡೋದು?" ಇದು ನಿನ್ನ ದನಿ.

"ಖರೇ ಹೇಳ್ತೀನ್ರಿ ಮೇಡಂ, ನಾ ಎಐಗಿ ಕೇಳೀನಿ," ಎನ್ನುತ್ತಾನೆ ನಿಮ್ಮ ಸೂರ್ಯಕಾಂತ. ನಾನೂ, ನಾನೂ ಎಂದು ಉಳಿದವರ ನಗೆ.

"ಹಂಗಾರ ಅದೂ ನಮ್ಮ ಕಡೀನೇ ಅದ. ಐದನೇ ಓಟು!" ಎನ್ನುತ್ತೀ ನೀನು. ಅಲ್ಲಿ ಇದ್ದದ್ದೇ ಅದೊಂದು ಓಟು, ಆಯಿ.

ಆಗ ಜಗದೇವಿಯ ಮೆಲ್ಲನೆಯ ದನಿ. ನಿಮ್ಮಲ್ಲಿ ಯಂತ್ರವನ್ನು ಕೇಳದೆ ಬಂದವಳು ಅವಳೊಬ್ಬಳೇ. "ಮೇಡಂ, ನಾ ಗೋಣಿಚೀಲದ್ದು ಒಂದ್ ಅಂಗಿ ಹೊಲದು ತೊಟ್ಟ ನೋಡೀನ್ರಿ. ಹಿಂದಿನ ಗುಂಡಿ ಒಬ್ಬಾಕಿಗಿ ಬಿಚ್ಚಲಿಕ್ಕಿ ಬರಂಗಿಲ್ಲ. ನಮ್ಮವ್ವ ಬರೂತನಾ ಹಂಗೇ ಕುಂತೀನಿ. ಗುಂಡಿ ಮುಂದ ಇಡ್ರಿ."

"ಲಗ್ನ ಮಾಡ್ಕೋ ಜಗದೇವಿ, ಬಿಚ್ಚವ್ರು ಸಿಗ್ತಾರ," ಎನ್ನುತ್ತಾನೆ ಸೂರ್ಯಕಾಂತ.

ನಗೆ. ಎಲ್ಲರಿಗಿಂತ ಎತ್ತರದ ನಗೆ ನಿನ್ನದು. ಆಮೇಲೆ ಕುರ್ಚಿ ಸರಿದ ಸದ್ದು, ಬಾಗಿಲ ಸದ್ದು. ಜಗದೇವಿಯ ದನಿ ಮತ್ತೆ ಬರುವುದಿಲ್ಲ. ನಾವೂ ಪ್ರತಿ ವರ್ಷ ಅಲ್ಲಿಗೆ ಬಂದಾಗ ನಗುತ್ತಿದ್ದೆವು. ಇಂದುಬಾಯಿಯಂತೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಈ ವರ್ಷ ನಾನು ಸಿಹಿ ಮಾಡಲಿಲ್ಲ. ನಿನ್ನ ಫೋಟೊವನ್ನು ಗೋಡೆಗೆ ಮುಖ ಮಾಡಿ ತಿರುಗಿಸಿದ್ದೇನೆ. ನಿನ್ನ ಹೆಸರಿಟ್ಟ ಕಾರ್ಖಾನೆಗೆ ಹೋಗಿ, ಗುಂಡಿ ಮುಂದೆ ತನ್ನಿ ಎಂದು ಕೇಳಿದೆ. ಆ ಮೊದಲ ಚಿತ್ರದ ಮೇಲೆಯೇ ಎಲ್ಲ ನಿಂತಿದೆ ಅಜ್ಜಿ, ಈಗ ಮುಟ್ಟಿದರೆ ಬುಡದಿಂದ ಮಾಡಬೇಕಾಗುತ್ತದೆ ಎಂದು ನೀರು ಕೊಟ್ಟು ಕಳಿಸಿದರು. ಮರುದಿನದಿಂದ ನಾನು ಅವರ ಬಾಗಿಲಲ್ಲೇ ಕುಳಿತು, ಬಂದವರಿಗೆಲ್ಲ ನಿಮ್ಮ ಸಭೆಯ ಧ್ವನಿ ಕೇಳಿಸಿದೆ. ಈಗ ಊರ ಮಕ್ಕಳು ನಿನ್ನ ನಗೆಯನ್ನು ಅಣಕಿಸುತ್ತಾರೆ. ಕೇಳಿ ನನಗೆ ಹೊಟ್ಟೆ ತಣ್ಣಗಾಗುತ್ತದೆ, ಸುಳ್ಳೇಕೆ ಹೇಳಲಿ.

ನನ್ನ ಸಂಕಟ ನೋಡಲಾರದೆ ಮೊಮ್ಮಗ ನಿನ್ನ ದನಿಯನ್ನು ಯಂತ್ರಕ್ಕೆ ಕಲಿಸಿದ. "ಆಯಿ, ಅಕಿ ಬಾಯಿಂದಾನೇ ತಪ್ಪಾತು ಅನಸ್ತೀನಿ, ಕೇಳು," ಎಂದ. ಎಷ್ಟು ಚೆಂದ ಕ್ಷಮೆ ಕೇಳಿತು ಗೊತ್ತೇ! ಇಂದುಬಾಯಿಯ ಹೆಸರು ಹಿಡಿದು ಗದ್ಗದವಾಯಿತು. ಇನ್ನೊಮ್ಮೆ ಎಂದೆ, ಇನ್ನೂ ಚೆಂದ ಕೇಳಿತು. ನನ್ನ ಜನ್ಮದಲ್ಲಿ ಅಷ್ಟು ಸಿಟ್ಟು ಬಂದಿರಲಿಲ್ಲ. "ಬಂದ್ ಮಾಡೋ ಅದನ್ನ," ಎಂದು ಚೀರಿದೆ. ನನಗೆ ಬೇಕಾದವಳು ನೀನು.

ನಾಳೆ ಜಗದೇವಿ ಕುರ್ಚಿ ಸರಿಸಿ ಎದ್ದಾಗ ಬಾಗಿಲಿಗೆ ಅಡ್ಡ ನಿಲ್ಲು. ಅವಳ ಗೋಣಿ ಅಂಗಿಯನ್ನು ನೀನು ತೊಟ್ಟುಕೊ. ಅವಳೇ ಗುಂಡಿ ಹಾಕಲಿ. ಎಲ್ಲರನ್ನೂ ಹೊರಗೆ ಕಳಿಸಿ ಕದ ಹಾಕಿಕೊಂಡು ಬಿಚ್ಚಲು ನೋಡು. ಕೈ ಮುಟ್ಟದಾಗ ಯಾರನ್ನೂ ಕರೆಯಬೇಡ. ಉಸಿರು ಕಟ್ಟುವವರೆಗೂ ಹಾಗೇ ಇರು, ನನಗೋಸ್ಕರ. ಆಮೇಲೆ ಹೊರಗೆ ಬಂದು ನಿನ್ನ ಹಾಳೆಯನ್ನು ಎಲ್ಲರ ಎದುರು ಹರಿದುಹಾಕು, ಅವಳ ಚಿತ್ರವನ್ನು ಮೇಜಿನ ಮೇಲಿಡು.

ಹಾಗೆ ಮಾಡಿದೆಯಾದರೆ ಆ ಮಧ್ಯಾಹ್ನ ಇಂದುಬಾಯಿ ಎದೆಯ ಗುಂಡಿ ಕಿತ್ತು, ಅಂಗಿಯನ್ನು ಮಾಳಿಗೆಯ ಮೇಲೇ ಒಗೆದು, ಬೈಯುತ್ತ ಮೆಟ್ಟಿಲಿಳಿದು ನೆರಳಿಗೆ ಬರುತ್ತಾಳೆ. ಆಗ ನಾನು ಈ ಕಾಗದ ಬರೆದಿರುವುದೇ ಇಲ್ಲ. ಅಂಗಿಗೆ ಜಗದೇವಿಯ ಹೆಸರಿರುತ್ತದೆ. ನೀನು ಒಂದು ಜೀವ ಉಳಿಸಿದವಳೆಂದು ಹೇಳಲು ಈ ವಂಶದಲ್ಲಿ ಒಬ್ಬರೂ ಇರುವುದಿಲ್ಲ, ನಾನೂ ಹೇಳುವುದಿಲ್ಲ. ನಿನಗೆಂದು ನಾನು ಆರಿಸಿದ ಶಿಕ್ಷೆ ಇದು. ಅನುಭವಿಸು.

ಇಂದುಬಾಯಿಯ ಅಕ್ಕ,
ಕಾಶಿಬಾಯಿ