ಎಡಗೈಯ ಪಟ್ಟಿ

ಫೆಬ್ರುವರಿ 3, ಸೋಮವಾರ

ವಿಮಾನ ನಿಲ್ದಾಣದಲ್ಲಿ ಬೆಳಗಿನ ಬೆಂಗಳೂರು ಫ್ಲೈಟು. ಬೆಲ್ಟ್ ಬಿಚ್ಚಿ ಅಂದರೆ ಮುಖ ಗಂಟಿಕ್ಕುವ ಬಿಸಿನೆಸ್ ಗಂಡಸರು. ಎಲ್ಲರ ಬ್ಯಾಗಿನಲ್ಲೂ ಪೇಢೆ. ನನ್ನದು ಹೆಂಗಸರ ತಪಾಸಣೆ — ಪರದೆಯೊಳಗೆ ನಾನು, ನಿಲ್ಲಲು ಒಂದು ಹಲಗೆ, ಕೈಯಲ್ಲಿ ಮೆಟಲ್ ಡಿಟೆಕ್ಟರ್.

ನವನಗರದ ಹತ್ತಿ ವ್ಯಾಪಾರಿ ಶಿವಯೋಗೀಶನ ಹೆಂಡತಿ ಬಂದಳು. ಭಾಗ್ಯಶ್ರೀ. ಎಡಗೈಗೆ ಪಟ್ಟಿ, ಅಲ್ಲಿ ಬೀಪ್. ಮೂಳೆಗೆ ಪ್ಲೇಟ್ ಹಾಕಿದ್ದಾರಂತೆ. ಡಾಕ್ಟರ ಚೀಟಿ ತೋರಿಸಿದಳು: ಬಾತ್‌ರೂಮಿನಲ್ಲಿ ಬಿದ್ದು.

ಬೆನ್ನ ಮೇಲೆ ಕೈಯಾಡಿಸಿದೆ. ಮುದುಡಿದಳು. ಬ್ಲೌಸಿನ ಅಂಚಿನಲ್ಲಿ ಬಕಲ್ಲಿನ ಗುರುತು, ಇನ್ನೂ ಹಸಿ. ಯಾವ ಬಾತ್‌ರೂಮು ಬೆಲ್ಟ್ ಕಟ್ಟಿಕೊಳ್ಳುತ್ತದೆ?

"ಯಾರ ಹೊಡದ್ರು?"

"ಇಲ್ರಿ ಅಕ್ಕಾರ. ಲಗೂ ಬಿಡ್ರಿ, ಹೊರಗ ನಿಂತಾರ. ಮನ್ಯಾಗ ಒಬ್ಬಾಕಿನ್ನ ಬಿಡೂದಿಲ್ಲ, ಹೋದಲ್ಲೆಲ್ಲಾ ಕರ್ಕೊಂಡ ಹೋಗ್ತಾರ."

ಬಿಟ್ಟೆ. ಮೈಯೆಲ್ಲ ಉರಿಯಿತು.

ಮಾರ್ಚ್ 3

ಅವಳೇ. ಪಟ್ಟಿ ಇನ್ನೂ ಇದೆ. ತಾನಾಗಿಯೇ ಎಡಗೈ ಚಾಚಿದಳು.

"ನೋಡ್ರಿ ಅಕ್ಕಾರ. ಛಲೋತ್ನಂಗ ನೋಡ್ರಿ."

ಬೀಪ್. ಪ್ಲೇಟ್ ಇದೆಯಲ್ಲ... ಬಿಚ್ಚಿದರೆ ನೋವಾದೀತು. "ಗೊತ್ತೈತಿ. ಹೋಗ್ರಿ" ಅಂದೆ. ನಿಂತೇ ಇದ್ದಳು. ಕೊನೆಗೆ ಹೋದಳು. ಒಂದು ಪುಣ್ಯದ ಕೆಲಸ ಮಾಡಿದೆ ಅನಿಸಿತು.

ಮಾರ್ಚ್ 31. ಮಧ್ಯಾಹ್ನ 12

ಈಗಲೇ ಬರೆಯಬೇಕು.

ಇವತ್ತು ಬಂದಾಗ ತುಟಿ ಸೀಳಿತ್ತು. ಮುಂದಿನ ಎರಡು ಹಲ್ಲು ಇಲ್ಲ. ನಾನು ಕೇಳುವ ಮೊದಲೇ ಪಟ್ಟಿ ಬಿಚ್ಚಿದಳು. ಒಳಗೆ ಹಣ್ಣು ಕೊಯ್ಯುವ ಚಾಕು.

"ಹೋದ ಸಲಾನೂ ತಂದಿದ್ದೆ ರೀ. ನೀವು ನೋಡ್ಲಿಲ್ಲ."

ಚಾಕು ತೆಗೆದುಕೊಂಡೆ.

"ಹಿಡೀರಿ ನನ್ನ. ಹಿರ್ಯಾರು ಎರಡ ಸಲ ಬುದ್ಧಿ ಹೇಳಿ ಗಂಡನ ಮನಿಗೇ ಕಳಸಿದ್ರು. ಚಾಕು ಸಿಕ್ರ ಕಳಸೂದಿಲ್ಲಲ್ರಿ? ಅವರು ಬರದ ಜಾಗ ಅಂದ್ರ ಈ ಪರದಿ ಒಂದ."

ಅಲ್ಲಿಗೂ ಬಂದ ಶಿವಯೋಗೀಶ. ಪರದೆ ಕಿತ್ತು, ಜಡೆ ಹಿಡಿದು, ಅವಳ ಮುಖವನ್ನು ಕಬ್ಬಿಣದ ಚೌಕಟ್ಟಿಗೆ ಅಪ್ಪಳಿಸಿದ. ರಕ್ತ ನನ್ನ ತೋಳಿಗೆ ಸಿಡಿಯಿತು. ಡಿಟೆಕ್ಟರ್ ಬೀಸಿ ಅವನ ಬಾಯಿಗೇ ಕೊಟ್ಟೆ. ಎರಡನೆಯ ಏಟಿಗೆ ಬಿದ್ದ. ಮೂರನೆಯದು ಬೇಕಿರಲಿಲ್ಲ. ನನಗೆ ಬೇಕಿತ್ತು, ಕೊಟ್ಟೆ. ಡಿಟೆಕ್ಟರ್ ಎರಡು ತುಂಡು.

ಅದೇ ದಿನ, 4.20

ಅವನು ಆಸ್ಪತ್ರೆಯಲ್ಲಿ. ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡು ಅವಳು ಠಾಣೆಯಲ್ಲಿ. ಗಂಡನನ್ನು ವಿಮಾನದಲ್ಲಿ ಇರಿಯಲು ಚಾಕು ತಂದಳು ಎಂದು ಅವನ ವಕೀಲರ ಮಾತು. ಅವಳೋ ಎದುರಿಗೆ ಬಂದವರನ್ನೆಲ್ಲ ಒಂದೇ ಕೇಳುತ್ತಿದ್ದಾಳೆ — "ಮನಿಗೆ ಕಳಸೂದಿಲ್ಲಲ್ರಿ?"

ರಿಪೋರ್ಟ್ ನನ್ನ ಮುಂದಿದೆ. ಹೋದ ಸಲ ಪಟ್ಟಿ ಬಿಚ್ಚದೆ ಬಿಟ್ಟಿದ್ದೆ ಎಂದು ನನ್ನಿಂದಲೇ ಕೇಳಿದ ನಮ್ಮ ಸಾಹೇಬರು ಬಂದು ಪಕ್ಕದಲ್ಲಿ ಕೂತರು.

"ನೂರಜಹಾನ, ಇವತ್ತಿಂದಷ್ಟ ಬರಿ. ಹೋದ ಸಲದ್ದು ಬರದ್ರ ನಿನ್ನ ನೌಕರಿ ಹೋಗ್ತದ."

ಬರೆಯದಿದ್ದರೆ ಅವಳು ಕೊಲೆಗೆ ಹೊರಟವಳು. ಸಿಕ್ಕಿಬೀಳಲೆಂದೇ ತಂದಳು ಎಂದು ಹೇಳಬಲ್ಲವಳು ನಾನೊಬ್ಬಳೇ.

ಶುರು ಮಾಡಿದ್ದೇನೆ. ಇಲ್ಲಿ ಒಮ್ಮೆ ಬರೆದು ನೋಡುತ್ತೇನೆ, ಆಮೇಲೆ ರಿಪೋರ್ಟಿನಲ್ಲಿ.

ಮಾರ್ಚ್ 3, ಬೆಳಿಗ್ಗೆ 7.40. ತಾನಾಗಿಯೇ ಎಡಗೈ ಚಾಚಿದಳು. ನೋಡಿ ಅಂದಳು. ಬೀಪ್ ಆಯಿತು. ನಾನು —