ಚಿತ್ರಾಳ ಎರಡು ಇಮೇಲ್ ವಿಳಾಸ

ಹಿರಿಯೂರು
17 ಆಗಸ್ಟ್ 2003

ಪ್ರೀತಿಯ ಹೇಮಾವತಿ,

ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ತಡವಾದದ್ದಕ್ಕೆ ಬೈಯಬೇಡ. ಮಗಳ ಜ್ವರ ಬಿಟ್ಟಿತೇ? ಹೊಳಲ್ಕೆರೆಯ ಕಡೆ ಮಳೆಯಾಯಿತಂತೆ, ಇಲ್ಲಿ ಬರೀ ಗಾಳಿ. ನನ್ನ ಹೊಲಿಗೆ ಕೆಲಸ ನಡೆದಿದೆ.

ಜೊತೆಗಿಟ್ಟ ಚೀಟಿಯಲ್ಲಿ ನನ್ನ ಹೊಸ ಇಮೇಲ್ ವಿಳಾಸವಿದೆ. ಅದರಿಂದಲೇ ಬರೆಯಬಹುದಿತ್ತು, ಆದರೆ ಇಂಥದ್ದನ್ನು ಹೇಳಲು ಕಾಗದವೇ ಬೇಕೆನಿಸಿತು.

ಹಳೆಯದು ನಿನಗೆ ಗೊತ್ತು. ಅಣ್ಣ ಕಾಟಯ್ಯ ಗೊಬ್ಬರದಂಗಡಿಗೆಂದು ಇಂಟರ್ನೆಟ್ ಹಾಕಿಸಿದಾಗ ಕಂಪನಿಯವರೇ ಕೊಟ್ಟ ವಿಳಾಸ. ಪಾಸ್‌ವರ್ಡ್ ಅವನ ಬಳಿ. ನನಗೇನಾದರೂ ಬಂದರೆ ಕರೆದು ತೋರಿಸುತ್ತಿದ್ದ. ನಮ್ಮಂಥ ಕಿವಿ ಕೇಳದವರಿಗೆ ಫೋನು ಇದ್ದೂ ಇಲ್ಲದ್ದು. ಇಷ್ಟಾದರೂ ಸಿಕ್ಕಿತಲ್ಲ ಎಂದು ನಾನು ಖುಷಿಯಾಗಿಯೇ ಇದ್ದೆ.

ಚಿತ್ರದುರ್ಗದಲ್ಲಿ ಕಿವುಡರ ಸಂಘದ ಸಭೆಗೆ ಶ್ರೀರಾಂಪುರದಿಂದ ಬಂದಿದ್ದ ಜುಂಜೇಶ್ ನೆನಪಿದೆಯೇ, ಬೋರ್ಡ್ ಬರೆಯುವವನು? ನೀನೇ ನನ್ನನ್ನು ಅವನ ಪಕ್ಕ ಕೂರಿಸಿ ಎದ್ದು ಹೋದೆ. ಮದುವೆಯ ಮಾತನ್ನು ಮೇಲ್‌ನಲ್ಲಿ ಬರೆಯುತ್ತೇನೆಂದು ಸನ್ನೆಯಲ್ಲಿ ಹೇಳಿದ್ದ. ಮನೆಯ ಆ ಇಮೇಲ್ ವಿಳಾಸವನ್ನೇ ಕೊಟ್ಟು, ಅವನದನ್ನೂ ಬರೆದುಕೊಂಡಿದ್ದೆ. ಏನೂ ಬರಲಿಲ್ಲ. ಅವನಿಗೆ ಮನಸ್ಸಿಲ್ಲ ಎಂದುಕೊಂಡು ಸುಮ್ಮನಾದೆ.

ಹೋದ ತಿಂಗಳು ಬಸ್ ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಅಂಗಡಿಯ ಅನುಸೂಯ ನನಗೊಂದು ಪುಕ್ಕಟೆ ಇಮೇಲ್ ವಿಳಾಸ ಮಾಡಿಕೊಟ್ಟಳು. "ಇದಕ್ಕೆ ಮನೇಲಿ ಕನೆಕ್ಷನ್ ಬ್ಯಾಡ. ಎಲ್ಲಿ ಕುಂತ್ರೂ ನಿಮ್ದೇ" ಎಂದು ಹಾಳೆಯಲ್ಲಿ ಬರೆದು ತೋರಿಸಿದಳು. ಮೊದಲ ಮೇಲ್ ಜುಂಜೇಶನಿಗೇ ಹೋಯಿತು, ಯಾಕೆ ಬರೆಯಲಿಲ್ಲವೆಂದು. ಮರುದಿನ ಉತ್ತರ: "ಬರ್ದಿದ್ದೆ. ನೀವೇ ಬ್ಯಾಡ ಅಂದ್ರಿ."

ಮನೆಗೆ ಬಂದು ಅಣ್ಣನನ್ನು ಕೇಳಿದೆ. ಅವನು ಸುಳ್ಳು ಹೇಳಲಿಲ್ಲ. ನನಗೆ ತುಟಿ ಕಾಣುವಂತೆ ಎದುರಿಗೆ ಕುಳಿತು ನಿಧಾನವಾಗಿ ಹೇಳಿದ. "ನಾನೇ ಬರ್ದೆ. ಇಬ್ರಿಗೂ ಕೇಳಲ್ಲ. ಕೂಸು ಅತ್ರೆ ಯಾರಿಗೆ ಗೊತ್ತಾಗ್ತೈತೆ?"

ಅವ್ವ ಒಲೆ ಬಿಟ್ಟು ಬಂದಳು. "ಅದ್ನ ಅವ್ಳನ್ನೇ ಕೇಳ್ಬೇಕಿತ್ತು ಕಣಪ್ಪ."

ನೀನು ಮಗಳ ಹೊಟ್ಟೆಯ ಮೇಲೆ ಕೈಯಿಟ್ಟು ಮಲಗುವುದನ್ನು, ಅವಳು ಬಿಕ್ಕಿದರೆ ಕೈಗೇ ತಿಳಿಯುವುದನ್ನು ಅಣ್ಣನಿಗೆ ಮಾಡಿ ತೋರಿಸಿದೆ. ಅವನು ಬಹಳ ಹೊತ್ತು ನನ್ನ ಕೈಯನ್ನೇ ನೋಡುತ್ತಿದ್ದ.

ಬರುವ ಭಾನುವಾರ ಜುಂಜೇಶ್ ತಾಯಿಯನ್ನು ಕರೆದುಕೊಂಡು ಬರುತ್ತಾನೆ. ಅಣ್ಣ "ಬರ್ಲಿ" ಎಂದಷ್ಟೇ ಹೇಳಿದ. ನೀನೂ ಬಾ, ನನಗೆ ಒಬ್ಬಳಿಗೇ ಅಂಜಿಕೆ.

ಹಳೆಯ ವಿಳಾಸವನ್ನು ಬಿಟ್ಟಿಲ್ಲ. ಸಂಘದ ಸುದ್ದಿ, ಹಬ್ಬದ ಹಾರೈಕೆ ಅದಕ್ಕೇ ಕಳಿಸು, ಮನೆಯವರೆಲ್ಲ ಓದಲಿ. ನಮ್ಮಿಬ್ಬರ ಮಾತು ಮಾತ್ರ ಹೊಸದಕ್ಕೆ.

ಮಗಳಿಗೆ ನನ್ನ ಮುತ್ತು. ಎಲ್ಲರೂ ತಣ್ಣಗಿರಿ.

ನಿನ್ನ
ಚಿತ್ರಾ

ತಾ.ಕ.: ಅಣ್ಣ ನನ್ನ ಹೆಸರಿನಲ್ಲಿ ಬರೆದಿದ್ದನ್ನು ಜುಂಜೇಶ್ ನನಗೆ ಕಳಿಸಿದ್ದಾನೆ. "ಕಿವುಡರ ಜೊತೆ ಬಾಳೋದು ಎಷ್ಟು ಕಷ್ಟ ಅಂತ ನನಗೆ ಗೊತ್ತು" ಎಂದಿದೆ, ಕೆಳಗೆ ಚಿತ್ರಾ ಎಂದಿದೆ. ಹೇಮಾ, ಹೆಸರಷ್ಟೇ ನನ್ನದು, ಮಾತು ಅವನದೇ. ಹುಟ್ಟಿದಾಗಿನಿಂದ ಅವನ ಜೊತೆ ಬಾಳಿದ ಕಿವುಡಿ ನಾನೊಬ್ಬಳೇ.