ಚಂಪವ್ವ ಹೂಂ ಅಂದ ಕ್ಯಾಮೆರಾ

ತೇಲುಬಾಗಲಕೋಟೆ,
ಕ್ರಿ.ಶ. ೨೩೦೭, ಹದಿಮೂರನೆಯ ತಿಂಗಳಾದ ತೇಲುಮಾಸದ ಮೂರನೆಯ ದಿನ

ಮನೆಮಂದಿಯ ಫೋಟೋ ತೆಗೆಯಲೆಂದು ಮೊದಲ ಕ್ಯಾಮೆರಾ ಕೊಳ್ಳಲು ಅಂಗಡಿಯ ಗಾಜಿನ ಮುಂದೆ ನಿಂತಿರುವ ನಮ್ಮ ಹಿರಿಯರ ಸನ್ನಿಧಾನಕ್ಕೆ,

ರಾಚೋಟಪ್ಪ ದಳವಾಯಿಯ ಸಾಷ್ಟಾಂಗ ನಮಸ್ಕಾರಗಳು. ನಿಮ್ಮ ಪಂಚಾಂಗದಲ್ಲಿಲ್ಲದ ತಿಂಗಳೊಂದರಲ್ಲಿ ಕುಳಿತು ಬರೆಯುತ್ತಿದ್ದೇನೆ. ನಡುವೆ ನೀವು ಕೇಳದ ಶಬ್ದಗಳು ಬಂದರೆ ಮನ್ನಿಸಬೇಕು. ನಾಟಕ ಕಂಪನಿಯ ಪರದೆಯ ಹಿಂದೆ ಹುಟ್ಟಿ, ಭೀಮನ ಗದೆಯನ್ನೇ ತಲೆದಿಂಬು ಮಾಡಿಕೊಂಡು ಬೆಳೆದವನು ನಾನು. ನನ್ನ ಪತ್ರವೂ ಕೊನೆಯ ಸಾಲಿನವರಿಗೆ ಕೇಳಿಸುವಷ್ಟು ಜೋರಾಗಿಯೇ ಇರುತ್ತದೆ.

ಮೊದಲು ಊರಿನ ಸಂಗತಿ. ಹಿನ್ನೀರಿಗೆ ಮುಳುಗಿದ ಬಾಗಲಕೋಟೆ ನಮ್ಮ ಕಾಲಕ್ಕೆ ತೇಲುವುದನ್ನು ಕಲಿತಿದೆ. ಜಲಾಶಯ ತುಂಬಿ ಮನೆಗಳು ಮೇಲೇಳುವ ದಿನಗಳನ್ನೇ ತೇಲುಮಾಸವೆಂದು ಬೇರೆ ತಿಂಗಳು ಮಾಡಿಕೊಂಡಿದ್ದೇವೆ. ಬೆಳಿಗ್ಗೆ ನೆರೆಯವರು ಹಗ್ಗ ಜಗ್ಗಿ ತಮ್ಮ ಪಡಸಾಲೆಯನ್ನು ನಮ್ಮ ಪಡಸಾಲೆಗೆ ತಾಗಿಸಿ, ರೊಟ್ಟಿಗೆ ಶೇಂಗಾ ಹಿಂಡಿ ಈಸಿಕೊಂಡು, ಮತ್ತೆ ಹಗ್ಗ ಬಿಟ್ಟು ಹೋಗುತ್ತಾರೆ. ಮಕ್ಕಳು ನೀರಿಗೆ ಬಿದ್ದಾರೆಂಬ ಭಯಕ್ಕೆ ಪ್ರತಿ ಗೋಡೆಗೂ ಗೋಡೆಗಣ್ಣು ಕೂರಿಸಿದ್ದಾರೆ. ಅದು ರೆಪ್ಪೆ ಬಡಿಯದೆ, ಸದ್ದು ಮಾಡದೆ, ಯಾರನ್ನೂ ಕೇಳದೆ ನೋಡುತ್ತಲೇ ಇರುತ್ತದೆ. ನೋಡಿದ್ದನ್ನು ತಿದ್ದಿ ತೀಡಿ, ದೀಪ ಹಚ್ಚುವ ಹೊತ್ತಿಗೆ ಗೋಡೆಯ ಮೇಲೆ ಒಂದು ಚಿತ್ರ ಮೂಡಿಸುತ್ತದೆ. ಅದು ಸಂಜೆಪಟ. ಸಂಜೆಪಟದಲ್ಲಿ ಯಾರ ಮುಖದಲ್ಲೂ ಸುಕ್ಕಿಲ್ಲ, ಯಾರೂ ಮುನಿಸಿಕೊಂಡಿಲ್ಲ, ನನ್ನ ಬೋಳುತಲೆಯ ಮೇಲೆ ದಟ್ಟ ಕಾಡು.

ನನ್ನ ಹೆಂಡತಿ ಚಂಪವ್ವನ ಎಡಗೆನ್ನೆಯ ಮೇಲೆ ಕಿವಿಯಿಂದ ಗದ್ದದವರೆಗೆ ಸುಟ್ಟ ಕಲೆ ಇದೆ. ನಮ್ಮ ಕಂಪನಿಯಲ್ಲಿ ಇಂದಿಗೂ ನಿಜವಾದ ದೀವಟಿಗೆಯ ಬೆಳಕು. ಒಮ್ಮೆ ಆಟದ ನಡುವೆ ಪರದೆಗೆ ಬೆಂಕಿ ಹತ್ತಿದಾಗ, ರಾಣಿಯ ವೇಷದಲ್ಲಿದ್ದ ಅವಳು ಉರಿಯುವ ಪರದೆಯನ್ನು ಎರಡೂ ಕೈಯಿಂದ ಕಿತ್ತು ನೀರಿಗೆಸೆದು, ತಿರುಗಿ ಬಂದು ಮಾತು ಮುಗಿಸಿದಳು. ತುಂಬಿದ ಸಭೆಯಲ್ಲಿ ಒಂದು ಜೀವಕ್ಕೂ ಕುತ್ತು ಬರಲಿಲ್ಲ. ಆ ಕಲೆಯನ್ನು ಗೋಡೆ ಪ್ರತಿ ಸಂಜೆ ಒರೆಸಿಹಾಕುತ್ತದೆ. ಮೊದಲ ಬಾರಿ ಸಂಜೆಪಟದಲ್ಲಿ ಕಲೆಯಿಲ್ಲದ ತನ್ನ ಮುಖ ಕಂಡವಳು, “ಯಾರಿಕಿ? ನಮ್ಮನಿಗೆ ಯಾಕ ಬಂದಾಳ?” ಎಂದು ಕೇಳಿ ಒಳಗೆ ಹೋದಳು. ಮೂವತ್ತು ವರ್ಷ ಯಾವ ಚಿತ್ರಕ್ಕೂ ಅವಳಾಗಿ ಕೂರಲಿಲ್ಲ. ಈ ವರ್ಷ ಮನೆಗೆ ಮರಿಮಗಳು ಹುಟ್ಟಿದಳು. ಆ ಕೂಸಿಗೆ ಇವಳ ನಿಜವಾದ ಮುಖ ಉಳಿಯಬೇಕು ಎಂಬುದೊಂದೇ ನಮ್ಮ ಹಂಬಲ.

ಗೋಡೆಗಣ್ಣು ಮುಚ್ಚಲು ಪ್ರತಿ ಮನೆಗೂ ವರ್ಷಕ್ಕೊಂದು ತಾಸು ಕೊಡುತ್ತಾರೆ. ಕಣ್ಣು ತೆರೆದಿರುವಾಗ ತೆಗೆದ ಯಾವ ಚಿತ್ರವನ್ನೂ ಅದು ತಿದ್ದದೆ ಬಿಡುವುದಿಲ್ಲ. ಆ ತಾಸಿನೊಳಗೇ ಚಿತ್ರವಾಗಬೇಕು, ತಪ್ಪಿದರೆ ಮುಂದಿನ ವರ್ಷ. ನಿಮ್ಮ ಕಾಲದ ಕ್ಯಾಮೆರಾಗಳನ್ನು ನೋಡಿ ಹೊಸದಾಗಿ ಕಟ್ಟುವ ದಸ್ತಗೀರಸಾಬರ ಅಂಗಡಿಗೆ ನಾನೂ, ನನ್ನನ್ನು ಮುತ್ಯಾ, ಚಂಪವ್ವನನ್ನು ಆಯಿ ಎಂದು ಕರೆಯುವ ಮೊಮ್ಮಗಳು ಅಕ್ಕೂ ಹೋದೆವು. ನಾನು ಹೊಕ್ಕವನೇ ಎಲ್ಲಕ್ಕಿಂತ ಉದ್ದನೆಯ ಲೆನ್ಸನ್ನು ಹೆಗಲಿಗೇರಿಸಿ, ಮಹಾರಥಿಯಂತೆ ನಿಂತೆ.

“ಅಜ್ಜಾರ, ಅದು ದೂರದಿಂದ ಹುಲಿ ತಗಿಯಾಕ,” ಎಂದರು ದಸ್ತಗೀರಸಾಬರು. “ನಿಮ್ಮನ್ಯಾಗ ಹುಲಿ ಅದಾವೇನು?”

“ಒಂದ್ ಐತ್ರಿ, ಹೆಗಲ ಮ್ಯಾಲೆ ಹೊತ್ಕೊಂಡು ನಿಂತೈತಿ,” ಎಂದಳು ಅಕ್ಕೂ. “ಮುತ್ಯಾ, ಇದರಾಗ ಆಯಿ ಮುಖ ತಗಿಬೇಕಂದ್ರ ನಾ ಬಾಜೂಮನಿ ಒಲಿ ಮ್ಯಾಲೆ ನಿಲ್ಲಬೇಕು.”

ಅವಳು ಆರಿಸಿದ್ದು ಅಂಗೈಯಲ್ಲಿ ಮುಚ್ಚಿಡಬಹುದಾದ ಗಿಡ್ಡ ಲೆನ್ಸು. ಅದರ ಕಣ್ಣು ಅಗಲವಾಗಿ ತೆರೆಯುತ್ತದೆ, ಕಿಟಕಿಯ ಬೆಳಕಿದ್ದರೆ ಸಾಕು, ಕ್ಷಣದ ಚೂರಿನಲ್ಲಿ ಚಿತ್ರ ಸೆರೆಯಾಗುತ್ತದೆ. ಮನೆ ತೂಗಿದರೂ, ಕೂಸು ಕೈಕಾಲು ಬಡಿದರೂ ಮುಖ ಕದಡುವುದಿಲ್ಲ. ಉಳಿದದ್ದು ಕ್ಯಾಮೆರಾ. ನಾನು ಮೆಚ್ಚಿದ್ದಕ್ಕೆ ಒಳಗೆ ಕನ್ನಡಿ ಇರಲಿಲ್ಲ, ಅದು ಸದ್ದಿಲ್ಲದೆ ತೆಗೆಯುತ್ತಿತ್ತು. ಅಕ್ಕೂ ಕೈಗೆತ್ತಿಕೊಂಡದ್ದು ನೀವು ಡಿಎಸ್ಎಲ್ಆರ್ ಎನ್ನುವ ಜಾತಿಯದು, ತುಸು ಭಾರ. ಗುಂಡಿ ಒತ್ತಿದರೆ ಒಳಗಿನ ಕನ್ನಡಿ ಮೇಲಕ್ಕೆ ಜಿಗಿದು ಟಪ್ಪೆಂದು ಬಡಿಯುತ್ತದೆ.

“ಇಷ್ಟು ಗದ್ದಲ ಯಾಕವಾ?” ಎಂದೆ.

“ಗ್ವಾಡಿ ಸುಮ್ಮನ ಕದಿತೈತಿ ಮುತ್ಯಾ. ತಗದಿದ್ದು ಆಯಿಗೆ ಕೇಳಿಸಬೇಕು.”

ರಂಗದ ಮೇಲೆ ಹತ್ತು ತಲೆಯ ರಾವಣನಾಗಿ ಗರ್ಜಿಸಿದವನು ನಾನು ಮೆಚ್ಚಿದ್ದನ್ನು ಕಪಾಟಿಗೆ ಮರಳಿಸಿ, ಅಕ್ಕೂನ ಕ್ಯಾಮೆರಾಕ್ಕೆ ದುಡ್ಡು ಎಣಿಸಿದೆ.

ನಮ್ಮ ತಾಸು ಬಂತು. ಗೋಡೆಗಣ್ಣುಗಳು ಮುಚ್ಚಿದವು. ಚಂಪವ್ವ ಇಳಕಲ್ ಸೀರೆಯುಟ್ಟು, ತೊಡೆಯ ಮೇಲೆ ಕೂಸನ್ನು ಮಲಗಿಸಿಕೊಂಡು, ಸೆರಗಿನಿಂದ ಎಡಗೆನ್ನೆ ಮರೆಮಾಡಿ ಕುಳಿತಳು. ಅಕ್ಕೂ ಕ್ಯಾಮೆರಾವನ್ನು ಕಣ್ಣಿಗೆ ಹಿಡಿದು ಕಾದಳು. ನಾನು ತಾಳಲಾರದೆ, “ಒತ್ತವಾ, ತಾಸು ಮುಗಿತೈತಿ,” ಎಂದೆ.

“ನೀವು ಬಾಯಿ ಮುಚ್ರಿ,” ಎಂದಳು ಚಂಪವ್ವ. “ನಾ ಹೂಂ ಅಂದ ಮ್ಯಾಲೆ ಒತ್ತತಾಳ.”

ನೀರು ಮನೆಯನ್ನು ಎತ್ತಿ ಇಳಿಸುತ್ತಿತ್ತು. ತಾಸು ಕರಗುತ್ತಿತ್ತು. ಕೂಸು ಕೈಚಾಚಿ ಸೆರಗು ಹಿಡಿದೆಳೆಯಿತು. ಚಂಪವ್ವ ಅದನ್ನು ಮರಳಿ ಹೊದೆಯಲಿಲ್ಲ. ಕುರ್ಚಿಯಲ್ಲೇ ಮೆಲ್ಲಗೆ ಹೊರಳಿ, ಕಲೆಯಿರುವ ಕೆನ್ನೆಯನ್ನು ತಾನಾಗಿ ಕಿಟಕಿಯ ಬೆಳಕಿಗೆ ಒಡ್ಡಿದಳು.

“ಹೂಂ.”

ಟಪ್.

ಕ್ಯಾಮೆರಾದ ಬೆನ್ನಿನ ಪುಟ್ಟ ತೆರೆಯಲ್ಲಿ ತನ್ನನ್ನು ನೋಡಿಕೊಂಡಳು. ಸುಕ್ಕು, ಕಲೆ, ಮೂಗುತಿ, ಒಂದೂ ಎಲ್ಲಿಗೂ ಹೋಗಿರಲಿಲ್ಲ. ಬೆರಳಿನಿಂದ ಚಿತ್ರದ ಕೆನ್ನೆ ಮುಟ್ಟಿ, “ಬಂದಿ ಏನವಾ ಚಂಪಿ,” ಎಂದು ತನ್ನನ್ನು ತಾನೇ ಮಾತಾಡಿಸಿದಳು. ಆಮೇಲೆ ಅಕ್ಕೂನ ಕಡೆ ತಿರುಗಿ, “ಇನ್ನೊಂದು ತಗಿ. ಇದರಾಗ ಕೂಸು ಆಕಳಿಸೇತಿ,” ಎಂದಳು.

ಕಿರೀಟ ತೊಟ್ಟು ನೂರು ಸಭೆ ಗೆದ್ದವನು ನಾನು. ಅಂದು ಮೂಲೆಯಲ್ಲಿ ನಿಂತು ಕಂಡ ಆ ಮುಖದ ಮುಂದೆ ಎಲ್ಲವೂ ಬಣ್ಣದ ಕಾಗದ.

ಹಿರಿಯರೇ, ನಿಮ್ಮಲ್ಲಿ ಒಂದೇ ಬೇಡಿಕೆ. ಫೋಟೋ ಎಂದೊಡನೆ ಅಡುಗೆಮನೆಗೆ ಸರಿದುಹೋಗುವವರೊಬ್ಬರು ನಿಮ್ಮ ಮನೆಯಲ್ಲೂ ಇರುತ್ತಾರೆ. ಅಂಗಡಿಗೆ ಅವರನ್ನೇ ಕರೆದೊಯ್ಯಿರಿ. ಕ್ಯಾಮೆರಾವನ್ನು ಮೊದಲು ಅವರ ಕೈಗೆ ಕೊಟ್ಟು, ಮೊದಲ ಚಿತ್ರ ಅವರಿಂದಲೇ ತೆಗೆಸಿರಿ. ಆಮೇಲೆ ಅವರನ್ನು ಕೇಳಿ, ಕಾಯಿರಿ. ಬೇಡವೆಂದರೆ ಕೆಳಗಿಡಿ. ಒಪ್ಪಿದರೆ ನಿಮ್ಮ ಕೈ ನಡುಗದಿರಲಿ.

ಇಂತು,
ಚಂಪವ್ವನ ಗಂಡ
ರಾಚೋಟಪ್ಪ